ಝೂಗಳ ಮೇಲೆ ಕಣ್ಣಿಡುವ ಕಮಿಟಿಗಳು: ಆ ಕಮಿಟಿಗಳ ಮೇಲೆ ಕಣ್ಣಿಡುವವರು ಯಾರು?

ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ಝೂ ಸಣ್ಣಪುಟ್ಟ ಮೃಗಾಲಯವಲ್ಲ. ಚಿರತೆ ಮರಿ, ಹಾವು, ಗಿಳಿಗಳನ್ನು ಹಿಡಿದುಕೊಂಡು ಟಿವಿ ಕಾರ್ಯಕ್ರಮಗಳಿಗೆ ಬರುತ್ತಿದ್ದ ಜ್ಯಾಕ್ ಹಾನಾ ಅಲ್ಲಿನ ಮನೆಮನೆಯಲ್ಲೂ ಪರಿಚಿತರು. ದಶಕಗಳ ಕಾಲ ಈ ಝೂನ ಮುಖವಾಗಿ ಜನರಿಗೆ ಕಾಣಿಸಿದ್ದು ಅವರೇ. ಅಂಥ ಹೆಸರುವಾಸಿ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ತನ್ನ ಮಾನ್ಯತೆ ಕಳೆದುಕೊಂಡಿತು. ಮೇಲ್ಮನವಿ ಹಾಕಿತು, ಡಿಸೆಂಬರ್‌ನಲ್ಲಿ ಅದೂ ತಿರಸ್ಕೃತವಾಯಿತು.

ಹಾಗಾದ್ರೆ ಮಾನ್ಯತೆ ಕಿತ್ತುಕೊಂಡದ್ದು ಯಾರು? ಸರಕಾರ ಅಲ್ಲ, ಕೋರ್ಟ್ ಕೂಡಾ ಅಲ್ಲ. ಬೇರೆ ಬೇರೆ ಝೂ, ಅಕ್ವೇರಿಯಂಗಳಲ್ಲಿ ಕೆಲಸ ಮಾಡುವ ತಜ್ಞರ ಒಂದು ಕಮಿಟಿ. ಅಂದರೆ ಕೊಲಂಬಸ್ ಝೂನ ಸಹೋದ್ಯೋಗಿಗಳೇ ಅದರ ಬಗ್ಗೆ ತೀರ್ಪು ಕೊಟ್ಟರು. ಆ ಕಮಿಟಿಯ ಹಿಂದಿರುವ ಸಂಸ್ಥೆ 'ಅಸೋಸಿಯೇಷನ್ ಆಫ್ ಝೂಸ್ ಆ್ಯಂಡ್ ಅಕ್ವೇರಿಯಮ್ಸ್', ಚುಟುಕಾಗಿ ಎಝಡ್‌ಎ.

ಒಂದೇ ಕಸುಬಿನವರು ಸೇರಿ ತಮ್ಮವರನ್ನೇ ತಪಾಸಣೆ ಮಾಡುವ ಈ ವ್ಯವಸ್ಥೆ ಕೆಲಸ ಮಾಡುತ್ತದೆಯೇ? ಎಲ್ಲಿ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ? ಆನೆ, ಹುಲಿಗಳ ಜೀವ, ಟಿಕೆಟ್ ಕೊಂಡು ಒಳಗೆ ಹೋಗುವ ಮಕ್ಕಳ ಸುರಕ್ಷತೆ ಮತ್ತು ಜನರ ತೆರಿಗೆ ದುಡ್ಡು, ಮೂರೂ ಈ ಪ್ರಶ್ನೆಗೆ ತಳಕು ಹಾಕಿಕೊಂಡಿವೆ.

ಕಾನೂನು ನಿಲ್ಲುವಲ್ಲಿ ಕಮಿಟಿ ಶುರು

ಎಝಡ್‌ಎಗೆ ಈಗ ನೂರು ವರ್ಷ ದಾಟಿದೆ. 1924ರಲ್ಲಿ ಉದ್ಯಾನ ಅಧಿಕಾರಿಗಳ ಸಂಘಟನೆಯೊಂದರ ಅಂಗವಾಗಿ ಹುಟ್ಟಿತು. 1970ರ ದಶಕದ ಆರಂಭದಲ್ಲಿ ಅದರಿಂದ ಬೇರೆಯಾಯಿತು. 1974ರ ಸುಮಾರಿಗೆ ಝೂಗಳಿಗೆ ಮಾನ್ಯತೆ ಕೊಡುವ ಕೆಲಸ ಆರಂಭಿಸಿತು. ಮೊದಲು ಇದು ಐಚ್ಛಿಕವಾಗಿತ್ತು. 1980ರ ದಶಕದ ಮಧ್ಯದಲ್ಲಿ, ಮಾನ್ಯತೆ ಇಲ್ಲದ ಝೂಗೆ ಸದಸ್ಯತ್ವವೂ ಇಲ್ಲ ಎಂಬ ನಿಯಮ ಬಂತು. ಕಚೇರಿ ಇರುವುದು ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡ್ ರಾಜ್ಯದ ಸಿಲ್ವರ್ ಸ್ಪ್ರಿಂಗ್‌ನಲ್ಲಿ.

ಅಮೆರಿಕದಲ್ಲಿ ಪ್ರಾಣಿಗಳನ್ನು ಜನರಿಗೆ ತೋರಿಸುವವರಿಗೆ 1966ರ ಪ್ರಾಣಿ ಕಲ್ಯಾಣ ಕಾನೂನಿನಡಿ ಕೃಷಿ ಇಲಾಖೆಯ ಲೈಸನ್ಸ್ ಬೇಕು. ಆದರೆ ಆ ಲೈಸನ್ಸ್ ಸಿಗಲು ಬೇಕಾದದ್ದು ಕನಿಷ್ಠ ಮಟ್ಟದ ವ್ಯವಸ್ಥೆ ಮಾತ್ರ. ರಸ್ತೆ ಬದಿಯ ಖಾಸಗಿ ಪ್ರಾಣಿ ಪ್ರದರ್ಶನಗಳಿಗೂ ಅದು ಸಿಗುತ್ತದೆ. ಎಝಡ್‌ಎ ಹೇಳುವ ಲೆಕ್ಕದ ಪ್ರಕಾರ ಇಂಥ ಲೈಸನ್ಸ್ ಇರುವವರು ಸುಮಾರು 2,800. ಅವರಲ್ಲಿ ಎಝಡ್‌ಎ ಮಾನ್ಯತೆ ಪಡೆದವರು ಶೇ. 10ಕ್ಕಿಂತ ಕಡಿಮೆ.

ಹಾಗಾಗಿ ಒಳ್ಳೆಯ ಝೂ ಯಾವುದು ಎಂದು ಗುರುತಿಸುವ ಕೆಲಸ ಅಲ್ಲಿ ಸರಕಾರಕ್ಕಿಂತ ಹೆಚ್ಚಾಗಿ ಒಂದು ಖಾಸಗಿ ಸಂಘದ ಕಮಿಟಿಗಳ ಕೈಯಲ್ಲಿದೆ.

ಯಾವ ಕಮಿಟಿ, ಏನು ಕೆಲಸ?

ಎಲ್ಲಕ್ಕಿಂತ ಮೇಲೆ ನಿರ್ದೇಶಕ ಮಂಡಳಿ ಇದೆ. ಸದಸ್ಯ ಸಂಸ್ಥೆಗಳ ಹಿರಿಯರೇ ಚುನಾಯಿತರಾಗಿ ಅಲ್ಲಿ ಕೂರುತ್ತಾರೆ. ದಿನನಿತ್ಯದ ಆಡಳಿತಕ್ಕೆ ಸಂಬಳ ಪಡೆಯುವ ಅಧ್ಯಕ್ಷ ಹಾಗೂ ಸಿಬ್ಬಂದಿ ಇದ್ದಾರೆ. ಆದರೆ ಸಂಘದ ನಿಜವಾದ ಶಕ್ತಿ ಇರುವುದು ಕೆಳಗಿನ ಕಮಿಟಿಗಳಲ್ಲಿ. ಅಲ್ಲಿ ಕೆಲಸ ಮಾಡುವವರು ಸಾಮಾನ್ಯವಾಗಿ ಬೇರೆ ಬೇರೆ ಝೂಗಳ ನೌಕರರು. ತಮ್ಮ ಕೆಲಸದ ಜೊತೆಗೆ ಸ್ವಯಂಸೇವೆಯಾಗಿ ಇದನ್ನು ಮಾಡುತ್ತಾರೆ.

ಇವುಗಳಲ್ಲಿ ಎಲ್ಲರೂ ಹೆದರುವುದು ಮಾನ್ಯತಾ ಆಯೋಗಕ್ಕೆ. ಪ್ರತಿ ಝೂ ಐದು ವರ್ಷಕ್ಕೊಮ್ಮೆ ಹೊಸದಾಗಿ ಪರೀಕ್ಷೆಗೆ ಕೂರಬೇಕು. ಹಳೆಯ ಸರ್ಟಿಫಿಕೇಟ್ ತೋರಿಸಿದರೆ ನಡೆಯುವುದಿಲ್ಲ. ಮೊದಲು ಕಡತಗಳ ದೊಡ್ಡ ಕಟ್ಟನ್ನೇ ಕಳುಹಿಸಬೇಕು. ಬಳಿಕ ಪಶುವೈದ್ಯರು, ಪ್ರಾಣಿ ನಿರ್ವಹಣೆ ಮತ್ತು ಆಡಳಿತ ಬಲ್ಲವರು ಇರುವ ತಂಡವೊಂದು ಬಂದು ಕೆಲವು ದಿನ ಅಲ್ಲೇ ಇದ್ದು ತಪಾಸಣೆ ಮಾಡುತ್ತದೆ. ಬೋನು, ಬೇಲಿ, ಅಡುಗೆ ಕೋಣೆ, ಔಷಧ ದಾಸ್ತಾನು, ಪ್ರಾಣಿ ತಪ್ಪಿಸಿಕೊಂಡರೆ ಏನು ಮಾಡಬೇಕೆಂಬ ಅಭ್ಯಾಸ, ಹಣಕಾಸು, ಎಲ್ಲವೂ ಪರಿಶೀಲನೆಗೆ ಒಳಪಡುತ್ತದೆ. ವರದಿ ಆಯೋಗದ ಮುಂದೆ ಹೋಗುತ್ತದೆ. ಝೂನ ಮುಖ್ಯಸ್ಥರು ಖುದ್ದಾಗಿ ಹಾಜರಾಗಿ ಉತ್ತರಿಸಬೇಕು. ಆಯೋಗ ಮಾನ್ಯತೆ ಕೊಡಬಹುದು, ಕೊರತೆ ಸರಿಪಡಿಸಲು ಸಮಯ ಕೊಟ್ಟು ತಡೆಹಿಡಿಯಬಹುದು, ಇಲ್ಲವೇ ನಿರಾಕರಿಸಬಹುದು. ಒಪ್ಪಿಗೆಯಾಗದಿದ್ದರೆ ನಿರ್ದೇಶಕ ಮಂಡಳಿಗೆ ಮೇಲ್ಮನವಿ ಹೋಗಬಹುದು.

ಸದಸ್ಯರ ನಡತೆಯ ಮೇಲೆ ಬರುವ ದೂರು ನೋಡಲು ನೀತಿ ಮಂಡಳಿ ಇದೆ. ಪ್ರಾಣಿಗಳ ಆರೈಕೆಯ ಮಾನದಂಡಗಳಿಗೆ ಪ್ರಾಣಿ ಕಲ್ಯಾಣ ಕಮಿಟಿ ಇದೆ. ಇನ್ನೊಂದು ಕಡೆ ಪ್ರಾಣಿವರ್ಗವಾರು ಸಲಹಾ ಗುಂಪುಗಳಿವೆ: ಬೆಕ್ಕಿನ ಕುಟುಂಬದ ಪ್ರಾಣಿಗಳಿಗೆ ಒಂದು, ಕರಡಿಗಳಿಗೆ ಒಂದು, ಹೀಗೆ. ಅವುಗಳ ಕೆಳಗೆ ಒಂದೊಂದು ಪ್ರಾಣಿಗೂ 'ಪ್ರಭೇದ ಉಳಿವಿನ ಯೋಜನೆ'. ಇದು 1981ರಲ್ಲಿ ಶುರುವಾದದ್ದು.

ಈ ಯೋಜನೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಕುತೂಹಲಕರ. ಒಂದು ಝೂನಲ್ಲಿ ಗಂಡು ಹುಲಿ ಇದೆ ಅಂದುಕೊಳ್ಳಿ. ಅದಕ್ಕೆ ಜೊತೆ ಯಾವುದು, ಮರಿ ಹಾಕಿಸಬೇಕೇ ಬೇಡವೇ, ಅದನ್ನು ಬೇರೆ ಊರಿಗೆ ಕಳುಹಿಸಬೇಕೇ ಎಂಬುದನ್ನು ಆ ಝೂ ತನ್ನಷ್ಟಕ್ಕೆ ತೀರ್ಮಾನಿಸುವುದಿಲ್ಲ. ದೇಶದ ಎಲ್ಲ ಸದಸ್ಯ ಝೂಗಳಲ್ಲಿರುವ ಆ ಜಾತಿಯ ಪ್ರಾಣಿಗಳ ವಂಶಾವಳಿ ಪುಸ್ತಕ ಮುಂದಿಟ್ಟುಕೊಂಡು, ರಕ್ತಸಂಬಂಧ ಹತ್ತಿರವಾಗದಂತೆ ಲೆಕ್ಕ ಹಾಕಿ ಕಮಿಟಿ ಶಿಫಾರಸು ಮಾಡುತ್ತದೆ. ಈ ಲೆಕ್ಕಾಚಾರಕ್ಕೆ ಶಿಕಾಗೋದ ಲಿಂಕನ್ ಪಾರ್ಕ್ ಝೂನಲ್ಲಿ ಪ್ರತ್ಯೇಕ ಕೇಂದ್ರವೇ ಇದೆ.

ಇದು ಬರೀ ಕಾಗದದ ಕೆಲಸ ಅಲ್ಲ. ಮುಂಗುಸಿಯಂತೆ ಕಾಣುವ ಕಪ್ಪು ಪಾದದ ಫೆರೆಟ್ ಎಂಬ ಪುಟ್ಟ ಪ್ರಾಣಿ ಅಳಿದೇ ಹೋಯಿತು ಎಂದು ನಂಬಲಾಗಿತ್ತು. 1981ರಲ್ಲಿ ವಯೋಮಿಂಗ್ ರಾಜ್ಯದಲ್ಲಿ ಒಂದು ಗುಂಪು ಪತ್ತೆಯಾಯಿತು. ರೋಗ ಬಂದು ಅದೂ ಕರಗತೊಡಗಿದಾಗ, 1987ರ ಹೊತ್ತಿಗೆ ಉಳಿದ 18 ಪ್ರಾಣಿಗಳನ್ನು ಹಿಡಿದು ಸಾಕಿದರು. ಸರಕಾರ ಮತ್ತು ಝೂಗಳು ಸೇರಿ ಜೋಡಿಗಳನ್ನು ಲೆಕ್ಕ ಹಾಕಿ ಮರಿ ಮಾಡಿಸಿದ್ದರಿಂದಲೇ ಇಂದು ಆ ಜೀವಿ ಮತ್ತೆ ಹುಲ್ಲುಗಾವಲಿನಲ್ಲಿ ಓಡಾಡುತ್ತಿದೆ.

ಮಾನ್ಯತೆ ಹೋದರೆ ಝೂಗಳಿಗೆ ಏಕೆ ನಡುಕ ಎಂಬುದೂ ಇಲ್ಲೇ ಅರ್ಥವಾಗುತ್ತದೆ. ಹೆಸರು ಕೆಡುವುದು ಒಂದು ಕಡೆ. ಪ್ರಾಣಿಗಳ ಕೊಡುಕೊಳ್ಳುವಿಕೆಯ ಬಾಗಿಲು ಮುಚ್ಚುವುದು ಇನ್ನೊಂದು ಕಡೆ. ಸಂಘದ ನಿಯಮಕ್ಕೆ ಹಲ್ಲು ಬಂದಿರುವುದು ಹೀಗೆ.

ಕೊಲಂಬಸ್‌ನಲ್ಲಿ ಆದದ್ದೇನು?

2021ರ ಮಾರ್ಚ್‌ನಲ್ಲಿ 'ಕೊಲಂಬಸ್ ಡಿಸ್‌ಪ್ಯಾಚ್' ಪತ್ರಿಕೆ ಒಂದು ತನಿಖಾ ವರದಿ ಪ್ರಕಟಿಸಿತು. ಝೂನ ಸಿಇಒ ಮತ್ತು ಹಣಕಾಸು ಮುಖ್ಯಸ್ಥರು ಸಂಸ್ಥೆಯ ಮನೆ, ಟಿಕೆಟ್ ಮೊದಲಾದ ಸೌಲಭ್ಯಗಳನ್ನು ತಮ್ಮ ಕುಟುಂಬದವರಿಗೆ ಬಳಸಿಕೊಂಡಿದ್ದಾರೆ ಎಂಬುದು ವರದಿಯ ಸಾರ. ಇಬ್ಬರೂ ರಾಜೀನಾಮೆ ಕೊಟ್ಟರು. ನಂತರ ನಡೆದ ಲೆಕ್ಕ ತನಿಖೆಯಲ್ಲಿ ನಷ್ಟ 6.3 ಲಕ್ಷ ಡಾಲರ್‌ಗೂ ಹೆಚ್ಚು ಎಂದು ಗೊತ್ತಾಯಿತು. ಪೊಲೀಸ್ ತನಿಖೆ ಮುಂದುವರಿದಂತೆ ಮೊತ್ತ ಇನ್ನೂ ಬೆಳೆಯಿತು. ಕೊನೆಗೆ ಇಬ್ಬರೂ ತಪ್ಪೊಪ್ಪಿಕೊಂಡರು. ಮಾಜಿ ಸಿಇಒಗೆ 2024ರಲ್ಲಿ ಏಳು ವರ್ಷಗಳ ಜೈಲು ಶಿಕ್ಷೆಯಾಯಿತು. ಆ ಝೂ ನಡೆಯುವುದು ಸ್ಥಳೀಯ ಕೌಂಟಿಯ ಆಸ್ತಿ ತೆರಿಗೆಯ ಪಾಲಿನಿಂದಲೂ ಹೌದು. ಅಂದ್ರೆ ಪೋಲಾದದ್ದು ಜನರ ದುಡ್ಡು.

ಎರಡನೆಯ ಆರೋಪ ಪ್ರಾಣಿಗಳಿಗೆ ಸಂಬಂಧಿಸಿದ್ದು. ಟಿವಿ ಮತ್ತು ಪ್ರಚಾರ ಕಾರ್ಯಕ್ರಮಗಳಿಗೆ ಮುದ್ದು ಮರಿಗಳನ್ನು ತರಲು ಮಾನ್ಯತೆ ಇಲ್ಲದ ವ್ಯಾಪಾರಿಗಳ ಜೊತೆ ಝೂ ವ್ಯವಹಾರ ಇಟ್ಟುಕೊಂಡಿತ್ತು. ಅದೇ ವರ್ಷ ಬಿಡುಗಡೆಯಾದ 'ದಿ ಕನ್ಸರ್ವೇಷನ್ ಗೇಮ್' ಸಾಕ್ಷ್ಯಚಿತ್ರ ಈ ಜಾಡನ್ನು ಬಯಲಿಗೆಳೆದಿತ್ತು.

ಇಲ್ಲಿ ಎರಡು ಸಂಗತಿಗಳನ್ನು ಒಟ್ಟಿಗೆ ನೋಡಬೇಕು. ಮಾನ್ಯತಾ ಆಯೋಗ ದೊಡ್ಡ ಹೆಸರಿಗೆ ಹೆದರಲಿಲ್ಲ. ಆಡಳಿತ ಬದಲಾಗಿದೆ, ಕ್ಷಮಿಸಿ ಎಂಬ ಝೂನ ಮಾತಿಗೂ ಮಣಿಯಲಿಲ್ಲ. ಮೇಲ್ಮನವಿಯಲ್ಲೂ ತೀರ್ಪು ಬದಲಾಗಲಿಲ್ಲ. ಝೂ ತನ್ನ ನಿಯಮಗಳನ್ನು ತಿದ್ದಿಕೊಂಡು 2023ರ ಮಾರ್ಚ್‌ನಲ್ಲಿ ಮಾನ್ಯತೆ ಮರಳಿ ಪಡೆಯಿತು. ಇದು ವ್ಯವಸ್ಥೆಯ ಗೆಲುವು.

ಆದರೆ ಹಗರಣ ಪತ್ತೆ ಮಾಡಿದ್ದು ಯಾರು? ಐದು ವರ್ಷಕ್ಕೊಮ್ಮೆ ಬರುವ ತಪಾಸಣಾ ತಂಡ ಅಲ್ಲ. ಝೂನ ಸ್ವಂತ ಮಂಡಳಿಯೂ ಅಲ್ಲ. ಒಂದು ಸ್ಥಳೀಯ ಪತ್ರಿಕೆ ಮತ್ತು ಒಂದು ಸಾಕ್ಷ್ಯಚಿತ್ರ. ಹೊರಗಿನವರು ಗಂಟೆ ಬಾರಿಸಿದ ಮೇಲೆ ಒಳಗಿನವರು ಎದ್ದರು.

ಗೋಡೆಯ ಎತ್ತರ ಅಳೆಯದವರು

ಇದಕ್ಕಿಂತ ಕಹಿಯಾದ ಉದಾಹರಣೆ ಸ್ಯಾನ್ ಫ್ರಾನ್ಸಿಸ್ಕೊ ಝೂನದ್ದು. 2007ರ ಕ್ರಿಸ್ಮಸ್ ದಿನ ಟಟಿಯಾನಾ ಎಂಬ ಸೈಬೀರಿಯನ್ ಹುಲಿ ಆವರಣದಿಂದ ಹೊರಗೆ ಬಂದು 17 ವರ್ಷದ ಹುಡುಗನನ್ನು ಕೊಂದಿತು. ಇಬ್ಬರು ಗಾಯಗೊಂಡರು. ಪೊಲೀಸರು ಹುಲಿಯನ್ನು ಗುಂಡಿಟ್ಟು ಕೊಂದರು.

ಗೋಡೆ 18 ಅಡಿ ಎತ್ತರ ಇದೆ ಎಂದು ಝೂ ಮೊದಲು ಹೇಳಿತ್ತು. ಅಳೆದು ನೋಡಿದರೆ ಹನ್ನೆರಡೂವರೆ ಅಡಿ! ಎಝಡ್‌ಎ ಶಿಫಾರಸು ಮಾಡಿದ್ದ ಎತ್ತರ 16.4 ಅಡಿ. ಮೂರು ವರ್ಷ ಹಿಂದೆ ಮಾನ್ಯತೆಗಾಗಿ ತಪಾಸಣೆ ಮಾಡಿದ್ದ ತಂಡ ಗೋಡೆಯ ಬಗ್ಗೆ ಯಾವ ಆಕ್ಷೇಪವನ್ನೂ ಎತ್ತಿರಲಿಲ್ಲ. ಅಲ್ಲಿ ಕಮಿಟಿ ಇತ್ತು, ಮಾನದಂಡವೂ ಇತ್ತು. ಒಂದು ಟೇಪ್ ಹಿಡಿದು ಅಳೆಯುವ ಕೆಲಸ ಮಾತ್ರ ಆಗಿರಲಿಲ್ಲ.

ಒಂದೇ ಕಸುಬಿನವರ ತಪಾಸಣೆಯ ದೊಡ್ಡ ದೌರ್ಬಲ್ಯ ಇದು. ಇದರಲ್ಲಿ ಲಂಚ, ಮೋಸ ಇರಲೇಬೇಕೆಂದಿಲ್ಲ. ದಿನಾ ನೋಡಿ ಅಭ್ಯಾಸವಾದದ್ದು ಕಣ್ಣಿಗೆ ಬೀಳುವುದಿಲ್ಲ. ಇವತ್ತು ತಪಾಸಣೆ ಮಾಡುವವರ ಝೂಗೆ ನಾಳೆ ಇನ್ನೊಬ್ಬರು ತಪಾಸಣೆಗೆ ಬರುತ್ತಾರೆ ಎಂಬ ಮುಲಾಜು ಬೇರೆ. ಇದರ ಜೊತೆಗೆ ಎಝಡ್‌ಎ ತನ್ನ ತಪಾಸಣಾ ವರದಿಗಳನ್ನು ಜನರ ಮುಂದೆ ಇಡುವುದಿಲ್ಲ. ಮಾನ್ಯತೆ ಸಿಕ್ಕಿತೋ ಇಲ್ಲವೋ ಎಂಬುದಷ್ಟೇ ಹೊರಗೆ ತಿಳಿಯುತ್ತದೆ. ಒಳಗೆ ಏನು ಬರೆದಿದ್ದರು ಎಂಬುದು ತೆರಿಗೆ ಕಟ್ಟುವವನಿಗೆ ಗೊತ್ತಾಗುವುದಿಲ್ಲ.

ಜನಪ್ರತಿನಿಧಿ ದೊಡ್ಡವರೋ, ತಜ್ಞರೋ?

ಎಝಡ್‌ಎ ಮಾನ್ಯತೆ ಕೆನಡಾದ ಝೂಗಳಿಗೂ ಇದೆ. ಹಾಗಾಗಿ ಇನ್ನೊಂದು ಜಟಾಪಟಿ ನಡೆದದ್ದು ಟೊರಾಂಟೊದಲ್ಲಿ. ಅಲ್ಲಿನ ಝೂನಲ್ಲಿ ಮೂರು ಆನೆಗಳು ಉಳಿದಿದ್ದವು. ಹಿಂದಿನ ವರ್ಷಗಳಲ್ಲಿ ಕೆಲವು ಆನೆಗಳು ಸತ್ತಿದ್ದವು. ಅಲ್ಲಿನ ಚಳಿಯೂ ವಿಪರೀತ. ಆನೆ ಸಾಕಣೆ ನಿಲ್ಲಿಸಲು 2011ರಲ್ಲಿ ಝೂ ಒಪ್ಪಿತು. ಎಲ್ಲಿಗೆ ಕಳುಹಿಸುವುದು ಎಂಬ ಚರ್ಚೆ ಮುಗಿಯುವ ಮೊದಲೇ, ಅದೇ ವರ್ಷದ ಅಕ್ಟೋಬರ್‌ನಲ್ಲಿ ನಗರಸಭೆ ಮತ ಹಾಕಿ ಆನೆಗಳನ್ನು ಕ್ಯಾಲಿಫೋರ್ನಿಯಾದ ಒಂದು ಅಭಯಧಾಮಕ್ಕೆ ಕಳುಹಿಸಲು ತೀರ್ಮಾನಿಸಿತು. ಆ ಅಭಯಧಾಮಕ್ಕೆ ಎಝಡ್‌ಎ ಮಾನ್ಯತೆ ಇರಲಿಲ್ಲ.

2012ರಲ್ಲಿ ಎಝಡ್‌ಎ ಟೊರಾಂಟೊ ಝೂನ ಮಾನ್ಯತೆ ರದ್ದು ಮಾಡಿತು. ಪ್ರಾಣಿಗಳ ಬಗೆಗಿನ ನಿರ್ಧಾರ ಝೂನ ತಜ್ಞರದ್ದಾಗಿರಬೇಕು, ರಾಜಕೀಯ ಸಭೆ ಅದನ್ನು ಕಸಿದುಕೊಳ್ಳಬಾರದು ಎಂಬುದು ಅದರ ವಾದ. ಆದರೂ ನಗರಸಭೆ ಹಿಂದೆ ಸರಿಯಲಿಲ್ಲ. 2013ರ ಅಕ್ಟೋಬರ್‌ನಲ್ಲಿ ಮೂರೂ ಆನೆಗಳು ಲಾರಿ ಏರಿ ಕ್ಯಾಲಿಫೋರ್ನಿಯಾ ತಲುಪಿದವು. ಕೆಲವು ವರ್ಷಗಳ ಬಳಿಕ ಝೂಗೆ ಮಾನ್ಯತೆ ಮರಳಿ ಸಿಕ್ಕಿತು.

ಇಲ್ಲಿ ಯಾರು ಸರಿ? ಎರಡೂ ಕಡೆ ನ್ಯಾಯ ಇದೆ. ವೋಟಿಗಾಗಿ ಪಶುವೈದ್ಯರ ಮಾತು ಮೀರುವ ನಗರಸಭೆ ಅಪಾಯಕಾರಿ. ಹಾಗಂತ ಝೂ ನಡೆಯುವುದು ಜನರ ದುಡ್ಡಿನಲ್ಲಿ. ಆನೆ ಎಲ್ಲಿರಬೇಕು ಎಂಬ ಪ್ರಶ್ನೆಯಲ್ಲಿ ಜನರ ಆಯ್ಕೆಗೆ ಜಾಗವೇ ಇಲ್ಲ ಎನ್ನುವುದೂ ಸರಿಯಲ್ಲ. ತಜ್ಞರ ಕಮಿಟಿ ತನ್ನ ಅಧಿಕಾರ ಉಳಿಸಿಕೊಳ್ಳಲು ಹೋರಾಡುತ್ತಿದೆಯೋ, ಪ್ರಾಣಿಗಾಗಿ ಹೋರಾಡುತ್ತಿದೆಯೋ ಎಂದು ಹೊರಗಿನವರಿಗೆ ತಿಳಿಯುವುದು ಕಷ್ಟ.

ಬೇಡವಾದರೆ ಹೊರಟುಹೋಗುವ ದಾರಿಯೂ ಇದೆ. ಆನೆ ಮತ್ತು ಪಾಲಕರ ನಡುವೆ ತಡೆಬೇಲಿ ಇರಲೇಬೇಕು ಎಂಬ ನಿಯಮವನ್ನು ಎಝಡ್‌ಎ ತಂದಾಗ ಪಿಟ್ಸ್‌ಬರ್ಗ್ ಝೂ ಒಪ್ಪಲಿಲ್ಲ. ಅದೇ ಝೂನಲ್ಲಿ 2002ರಲ್ಲಿ ಆನೆಯೊಂದು ಪಾಲಕರೊಬ್ಬರನ್ನು ಕೊಂದಿತ್ತು! ಆದರೂ 2015ರಲ್ಲಿ ಅದು ಎಝಡ್‌ಎ ಬಿಟ್ಟು ಇನ್ನೊಂದು ಸಂಘದ ಮಾನ್ಯತೆ ಪಡೆಯಿತು. ಐಚ್ಛಿಕ ಸಂಘದ ಮಿತಿ ಅಷ್ಟೇ. ಹೊರಹೋಗುವವರನ್ನು ತಡೆಯಲು ಅದರ ಬಳಿ ಕಾನೂನಿನ ಬಲ ಇಲ್ಲ.

ನಮ್ಮಲ್ಲಿ ಕಾನೂನು ಇದೆ, ಆದರೆ...

ಭಾರತದ ದಾರಿ ಇದಕ್ಕೆ ತದ್ವಿರುದ್ಧ. ಇಲ್ಲಿ ಝೂ ನಡೆಸಲು ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಕಡ್ಡಾಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಂದ ತಿದ್ದುಪಡಿಯ ಮೇರೆಗೆ 1992ರಲ್ಲಿ ಇದು ರಚನೆಯಾಯಿತು. ಮಂಗಳೂರಿನ ಪಿಲಿಕುಳ ಜೈವಿಕ ಉದ್ಯಾನವೂ, ಮೈಸೂರು ಝೂ ಕೂಡಾ ಇದರ ಮಾನ್ಯತೆಯಡಿ ನಡೆಯುತ್ತವೆ. ಪಿಟ್ಸ್‌ಬರ್ಗ್‌ನಂತೆ ಬೇರೆ ಸಂಘಕ್ಕೆ ಹೋಗುತ್ತೇವೆ ಎನ್ನಲು ಇಲ್ಲಿ ಅವಕಾಶ ಇಲ್ಲ. ಇದು ಒಳ್ಳೆಯದೇ.

ಆದರೆ ಪ್ರಾಧಿಕಾರದ ಅಧ್ಯಕ್ಷರು, ಸದಸ್ಯರು, ಸದಸ್ಯ ಕಾರ್ಯದರ್ಶಿ, ಎಲ್ಲರನ್ನೂ ನೇಮಿಸುವುದು ಕೇಂದ್ರ ಸರಕಾರ. ಹೊಸದಿಲ್ಲಿಯ ರಾಷ್ಟ್ರೀಯ ಮೃಗಾಲಯ ಇರುವುದೂ ಅದೇ ಪರಿಸರ ಸಚಿವಾಲಯದಡಿ. ತಪಾಸಣೆ ಮಾಡುವವರು ಮತ್ತು ತಪಾಸಣೆಗೆ ಒಳಗಾಗುವವರು ಒಂದೇ ಮನೆಯವರಾದರೆ ಏನಾಗುತ್ತದೆ ಎಂಬುದಕ್ಕೆ ಶಂಕರ್ ಎಂಬ ಆನೆಯ ಕಥೆ ಸಾಕು.

ಜಿಂಬಾಬ್ವೆ ಅಂದಿನ ರಾಷ್ಟ್ರಪತಿ ಶಂಕರ್ ದಯಾಳ್ ಶರ್ಮಾ ಅವರಿಗೆ ಉಡುಗೊರೆಯಾಗಿ ಕೊಟ್ಟ ಆಫ್ರಿಕನ್ ಆನೆ ಅದು. ಜೊತೆಗಿದ್ದ ಆನೆ ಸತ್ತ ಮೇಲೆ ವರ್ಷಗಟ್ಟಲೆ ಒಂಟಿಯಾಗಿತ್ತು. ಆನೆಗಳನ್ನು ಝೂಗಳಲ್ಲಿ ಇಡಬಾರದು ಎಂದು 2009ರಲ್ಲಿ ಇದೇ ಪ್ರಾಧಿಕಾರ ಆದೇಶಿಸಿತ್ತು. ಆದರೂ ದಿಲ್ಲಿಯಲ್ಲಿ ಶಂಕರ್ ಉಳಿಯಿತು. ಯುವಜನರ ಪ್ರಾಣಿಪ್ರಿಯ ಸಂಘಟನೆಯೊಂದು ಅದರ ಬಿಡುಗಡೆಗಾಗಿ ದಿಲ್ಲಿ ಹೈಕೋರ್ಟ್ ಮೆಟ್ಟಿಲೇರಿತ್ತು. ಕೊನೆಗೆ 2024ರ ಅಕ್ಟೋಬರ್‌ನಲ್ಲಿ ಝೂಗಳ ಜಾಗತಿಕ ಸಂಘ ದಿಲ್ಲಿ ಝೂನ ಸದಸ್ಯತ್ವವನ್ನೇ ಅಮಾನತು ಮಾಡಿತು. ಆ ಮೇಲಷ್ಟೇ ಕಾಲಿನ ಸರಪಳಿ ಬಿಚ್ಚುವ ಕೆಲಸಕ್ಕೆ ವೇಗ ಬಂತು. 2025ರ ಸೆಪ್ಟೆಂಬರ್ 17ರಂದು ಶಂಕರ್ ಸತ್ತಿತು. ಅದಕ್ಕೆ 29 ವರ್ಷ.

ಅದಾಗಿ ಎರಡು ತಿಂಗಳಲ್ಲಿ, ನವೆಂಬರ್‌ನಲ್ಲಿ, ಬೆಳಗಾವಿ ಸಮೀಪದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿ ಕೆಲವೇ ದಿನಗಳ ಅಂತರದಲ್ಲಿ 31 ಕೃಷ್ಣಮೃಗಗಳು ರೋಗಕ್ಕೆ ಬಲಿಯಾದವು. ಸತ್ತ ಮೇಲೆ ತಜ್ಞರ ತಂಡ ಬಂತು, ಮಾದರಿಗಳು ಪ್ರಯೋಗಾಲಯಕ್ಕೆ ಹೋದವು, ತನಿಖೆಯ ಮಾತು ಕೇಳಿಬಂತು. ಅದಕ್ಕಿಂತ ಮೊದಲಿನ ತಪಾಸಣೆಯಲ್ಲಿ ಏನು ಬರೆದಿದ್ದರು, ಯಾವ ಸೂಚನೆ ಪಾಲನೆಯಾಗಿತ್ತು, ಯಾವುದು ಆಗಿರಲಿಲ್ಲ ಎಂಬುದೇ ಜನ ಕೇಳಬೇಕಾದ ಪ್ರಶ್ನೆ.

ಯುವಜನ ಕೇಳಬೇಕಾದ ಪ್ರಶ್ನೆಗಳು

ಅಮೆರಿಕದ ಮಾದರಿಯನ್ನು ಹಾಗೇ ತಂದು ಇಲ್ಲಿ ನೆಡಬೇಕಿಲ್ಲ. ಅದರಲ್ಲಿ ಎರಡು ಒಳ್ಳೆಯ ಗುಣಗಳಿವೆ: ಮಾನ್ಯತೆಗೆ ನಿಗದಿತ ಅವಧಿ ಇದೆ, ತಮ್ಮವರಲ್ಲೇ ಅತಿ ದೊಡ್ಡವರಿಗೂ 'ಇಲ್ಲ' ಎನ್ನುವ ಧೈರ್ಯ ಇದೆ. ಎರಡು ಕೊರತೆಗಳೂ ಇವೆ: ವರದಿಗಳು ಗುಟ್ಟಾಗಿವೆ, ಕಸುಬಿನ ಹೊರಗಿನವರ ದನಿ ಕಡಿಮೆ. ಭಾರತದಲ್ಲಿ ಕಾನೂನಿನ ಬಲ ಇದೆ. ಸರಕಾರದ ಝೂಗೆ ಸರಕಾರದ್ದೇ ಪ್ರಾಧಿಕಾರ 'ಇಲ್ಲ' ಎಂದ ಉದಾಹರಣೆ ಅಪರೂಪ.

ಒಂದು ಅನುಕೂಲ ಮಾತ್ರ ಇಲ್ಲಿ ಹೆಚ್ಚಿದೆ. ಎಝಡ್‌ಎ ಖಾಸಗಿ ಸಂಘ. ಅದರ ಕಡತ ಕೇಳುವ ಹಕ್ಕು ಅಮೆರಿಕದ ಪ್ರಜೆಗೆ ಇಲ್ಲ. ಕೇಂದ್ರ ಪ್ರಾಧಿಕಾರ ಮತ್ತು ಸರಕಾರಿ ಝೂಗಳು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಲ್ಲಿವೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಪಿಲಿಕುಳಕ್ಕೋ ಮೈಸೂರಿಗೋ ಹೋಗುವವರು, ಕಾಲೇಜು ವಿದ್ಯಾರ್ಥಿಗಳು ಹತ್ತು ರೂಪಾಯಿ ಶುಲ್ಕ ಕಟ್ಟಿ ನಾಲ್ಕು ಪ್ರಶ್ನೆ ಕೇಳಬಹುದು. ಕೊನೆಯ ತಪಾಸಣೆ ಯಾವಾಗ ಆಯಿತು? ಯಾವ ಕೊರತೆ ಬರೆದಿದ್ದರು? ಅದನ್ನು ಸರಿಪಡಿಸಲಾಗಿದೆಯೇ? ಕಳೆದ ವರ್ಷ ಎಷ್ಟು ಪ್ರಾಣಿಗಳು ಸತ್ತವು, ಯಾಕೆ?

ಈ ಪ್ರಶ್ನೆಗಳು ಝೂಗೆ ಮಾತ್ರ ಸಲ್ಲುವಂಥವಲ್ಲ. ಶಾಲೆಯ ಆಡಳಿತ ಸಮಿತಿ, ಸಹಕಾರಿ ಸಂಘ, ಊರಿನ ಯುವಕ ಮಂಡಲ, ಎಲ್ಲ ಕಡೆ ಕಮಿಟಿಗಳಿವೆ. ಅಲ್ಲೂ ಲೆಕ್ಕ ನೋಡುವವರು ಲೆಕ್ಕ ಇಟ್ಟವರ ಸ್ನೇಹಿತರೇ ಆಗಿರುತ್ತಾರೆ. ಸ್ನೇಹ ಇರಲಿ, ತಪ್ಪಿಲ್ಲ. ಕೊಲಂಬಸ್‌ನಲ್ಲಿ ಸ್ನೇಹಿತರೇ ಕೂತು ಮಾನ್ಯತೆ ರದ್ದು ಮಾಡಿದರು. ಅದಕ್ಕೆ ಮೊದಲು ಒಂದು ಪತ್ರಿಕೆ ಪ್ರಶ್ನೆ ಕೇಳಿತ್ತು, ಉತ್ತರ ಕೊಡಲೇಬೇಕಾದ ಸ್ಥಿತಿ ತಂದಿತ್ತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗೋಡೆ ಎಷ್ಟು ಅಡಿ ಎಂದು ಸಮಯಕ್ಕೆ ಸರಿಯಾಗಿ ಯಾರೂ ಕೇಳಲಿಲ್ಲ.